ಹೊಸ ಆಯಿಲ್ ಸೀಲ್ ಹಾಕಿದ ಎರಡೇ ದಿನಕ್ಕೆ ಮತ್ತೆ ಲೀಕ್ ಯಾಕೆ?

ಪ್ರಶ್ನೆ: "ಸರ್, ನನ್ನದು 2011ರ ಓಮ್ನಿ. ಶಿರಸಿ ಕಡೆ ಊರು. ಹಾಲು, ತರಕಾರಿ, ಅಡಿಕೆ ಎಲ್ಲ ಅದರಲ್ಲೇ ಸಾಗಿಸೋದು. ಎಂಜಿನ್ ಮುಂದಿನ ಪುಲ್ಲಿ ಹಿಂದುಗಡೆಯಿಂದ ಆಯಿಲ್ ತೊಟ್ಟಿಕ್ಕಲು ಶುರುವಾಯಿತು. ಗ್ಯಾರೇಜಿನಲ್ಲಿ ಕ್ರ್ಯಾಂಕ್ ಸೀಲ್ ಬದಲಾಯಿಸಿದರು. ಒಂದು ತಿಂಗಳಿಗೆ ಮತ್ತೆ ಅದೇ ಕತೆ. ಎರಡನೇ ಸಲ ಜಾಸ್ತಿ ದುಡ್ಡು ಕೊಟ್ಟು ಒಳ್ಳೆ ಸೀಲ್ ತಂದು ನಾನೇ ಹಾಕಿದೆ. ಮರದ ತುಂಡು ಇಟ್ಟು ನಿಧಾನಕ್ಕೆ ಬಡಿದು ಕೂರಿಸಿದೆ. ಎರಡೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಸೋರುತ್ತಿದೆ. ಸೀಲ್ ಡೂಪ್ಲಿಕೇಟ್ ಅಂತ ಒಬ್ಬರು, ಸುತ್ತ ಸಿಲಿಕೋನ್ ಪೇಸ್ಟ್ ಬಳಿ ಅಂತ ಒಬ್ಬರು, ದಪ್ಪ ಆಯಿಲ್ ಹಾಕಿದರೆ ಸಾಕು ಅಂತ ಇನ್ನೊಬ್ಬರು. ಗ್ಯಾರೇಜಿನವರು ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅನ್ನುತ್ತಾರೆ. ಅವರು ಹಾಕಿದ್ದ ಸೀಲ್ ನನ್ನ ಹತ್ತಿರವೇ ಇದೆ. ನೋಡಿದರೆ ಹೊಸದರ ಹಾಗೇ ಇದೆ, ರಬ್ಬರ್ ಮೇಲೆ ಒಂದು ಕಡೆ ಕೂದಲೆಳೆಯಷ್ಟು ಗೀರು ಇದೆ ಅಷ್ಟೇ. ಏನು ಮಾಡಲಿ?"

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಎರಡು ಸುಳಿವು ಇದೆ. ಒಂದು, ತೆಗೆದ ಸೀಲ್‌ನ ಮೇಲಿರುವ ಆ ಗೀರು. ಇನ್ನೊಂದು, ನೀವು ಬಳಸಿದ ಮರದ ತುಂಡು. ಎಂಜಿನ್ ಇಳಿಸುವ ಮಾತು ಸದ್ಯಕ್ಕೆ ಬದಿಗಿಡಿ. ಓದಿದರೆ ಅನ್ನಿಸುವುದು ಇಷ್ಟು: ಎರಡೂ ಸೀಲ್ ಕೆಟ್ಟದ್ದು ಓಡುವಾಗ ಅಲ್ಲ, ಹಾಕುವಾಗ. ಇದು ನಿಮಗೊಬ್ಬರಿಗೆ ಆಗಿದ್ದಲ್ಲ. ಹೊಸ ಸೀಲ್ ತಕ್ಷಣ ಸೋರುತ್ತದೆ ಅಂತ ಬರುವ ಗಾಡಿಗಳಲ್ಲಿ ಹೆಚ್ಚಿನವುಗಳದ್ದು ಇದೇ ಹಣೆಬರಹ.

ಮೊದಲು ಈ ಸೀಲ್ ಹೇಗೆ ಕೆಲಸ ಮಾಡುತ್ತದೆ ನೋಡೋಣ, ಯಾಕಂದರೆ ಅದು ಗೊತ್ತಾದರೆ ಮುಂದಿನದ್ದೆಲ್ಲ ತಾನೇ ಅರ್ಥವಾಗುತ್ತದೆ. ಹೊರಗೆ ಕಬ್ಬಿಣದ ಬಳೆ, ಅದು ಎಂಜಿನ್ ಕಡೆಯ ಗೂಡಿನಲ್ಲಿ ಬಿಗಿಯಾಗಿ ಕೂರುತ್ತದೆ. ಒಳಗೆ ರಬ್ಬರಿನ ತೆಳು ತುಟಿ, ಅದು ತಿರುಗುವ ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ದಂಡ, ಮುಂದೆ ಶಾಫ್ಟ್ ಅನ್ನುವುದೂ ಇದನ್ನೇ) ಮೇಲೆ ಒತ್ತಿ ನಿಲ್ಲುತ್ತದೆ. ತುಟಿಯ ಬೆನ್ನಿಗೆ ಒಂದು ಸಣ್ಣ ಸುರುಳಿ ಸ್ಪ್ರಿಂಗ್. ತುಟಿಯ ಬಾಯಿ ಶಾಫ್ಟ್‌ಗಿಂತ ಒಂದೆರಡು ಮಿ.ಮೀ. ಚಿಕ್ಕದಾಗಿಯೇ ಇರುತ್ತದೆ, ಹಾಗಾಗಿ ಹಿಗ್ಗಿಕೊಂಡು ಹಿಡಿಯುತ್ತದೆ. ಆದರೆ ತುಟಿ ಶಾಫ್ಟ್ ಅನ್ನು ಒಣಗಿ ಉಜ್ಜುವುದಿಲ್ಲ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಯಿಲ್ ಪದರ ಇರುತ್ತದೆ, ಅದರ ದಪ್ಪ ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ. ತುಟಿ ಎರಡು ಕಡೆಗೂ ಒಂದೇ ಇಳಿಜಾರಿನಲ್ಲಿ ಇಲ್ಲ. ಆಯಿಲ್ ಕಡೆ ಕಡಿದಾಗಿ, ಹೊರಗಿನ ಕಡೆ ಹರಡಿಕೊಂಡು ಇರುತ್ತದೆ. ಈ ವ್ಯತ್ಯಾಸದಿಂದಾಗಿ ಶಾಫ್ಟ್ ತಿರುಗುವಾಗ ಹೊರಗೆ ಬರಲು ನೋಡುವ ಆಯಿಲ್ ಅನ್ನು ತುಟಿ ಮತ್ತೆ ಒಳಗೆ ತಳ್ಳುತ್ತಿರುತ್ತದೆ. ಅಂದರೆ ಒಳ್ಳೆ ಸೀಲ್ ಸುಮ್ನೆ ತಡೆದು ನಿಂತಿಲ್ಲ, ಓಡುವಾಗೆಲ್ಲ ಪಂಪ್ ಮಾಡುತ್ತಿದೆ.

ಈಗ ಆ ತುಟಿಯ ಅಂಚಿನಲ್ಲಿ ಒಂದು ಗೀರು ಇದೆ ಅಂದುಕೊಳ್ಳಿ. 32 ಮಿ.ಮೀ. ದಪ್ಪದ ಶಾಫ್ಟ್ 3000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಮೈ ತುಟಿಯ ಕೆಳಗೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಓಡುತ್ತದೆ. ಮೈಕ್ರಾನ್ ಲೆಕ್ಕದ ಪದರ ಇರುವ ಜಾಗದಲ್ಲಿ ಕೂದಲೆಳೆ ಗೀರು ಅಂದರೆ ದೊಡ್ಡ ಕಾಲುವೆ. ಮೊದಮೊದಲು ಬರೀ ತೇವ ಕಾಣುತ್ತದೆ, ಆಮೇಲೆ ಅದಕ್ಕೆ ಧೂಳು ಅಂಟುತ್ತದೆ, ಧೂಳು ಗೀರನ್ನು ಅಗಲ ಮಾಡುತ್ತದೆ, ತಿಂಗಳೊಳಗೆ ತೊಟ್ಟಿಕ್ಕುತ್ತದೆ. ಗ್ಯಾರೇಜಿನಲ್ಲಿ ಹಾಕಿದ ಸೀಲ್ ಒಂದು ತಿಂಗಳು ತಡೆದು ಆಮೇಲೆ ಸೋರಿದ್ದಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ.

ಆ ಗೀರು ಎಲ್ಲಿಂದ ಬಂತು? ಕ್ರ್ಯಾಂಕ್‌ನ ಮೂತಿಯಲ್ಲಿ ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರುವ ತೋಡು ಇದೆ ಅಲ್ವಾ, ಅದರ ಅಂಚು ಚಾಕುವಿನಷ್ಟು ಹರಿತ. ಸೀಲ್ ಅದರ ಮೇಲೆ ಜಾರಿಕೊಂಡೇ ಒಳಗೆ ಹೋಗಬೇಕು. ಚಿಕ್ಕ ಬಾಯಿಯ ತುಟಿಯನ್ನು ಒಣಗಿದ ಹಾಗೇ ಅದರ ಮೇಲೆ ಎಳೆದರೆ ಒಂದು ಕಡೆ ಕತ್ತರಿಸಿಯೇ ಕತ್ತರಿಸುತ್ತದೆ. ಕೈಗೆ ಏನೂ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಮರದ ತುಂಡು. ಗೂಡಿನ ನಡುವಿನಿಂದ ಕ್ರ್ಯಾಂಕ್ ಮೂತಿ ಹೊರಗೆ ಚಾಚಿಕೊಂಡಿದೆ. ಹಾಗಿದ್ದಾಗ ಚಪ್ಪಟೆ ಮರದ ತುಂಡು ಸೀಲ್ ಮೇಲೆ ಪೂರ್ತಿಯಾಗಿ ಕೂರುವುದು ಸಾಧ್ಯವೇ ಇಲ್ಲ. ಒಂದು ಸಲ ಮೇಲ್ಗಡೆ, ಒಂದು ಸಲ ಕೆಳಗಡೆ, ಹೀಗೆ ಬದಿ ಬದಿಗೆ ಬಡಿದಿರುತ್ತೀರಿ. ಪ್ರತಿ ಏಟಿಗೂ ಸೀಲ್ ಓರೆಯಾಗಿ, ಮತ್ತೆ ನೆಟ್ಟಗಾಗಿ, ಮತ್ತೆ ಓರೆಯಾಗಿ ಒಳಗೆ ಹೋಗಿದೆ. ಹೀಗಾದಾಗ ಎರಡು ಅಪಾಯ. ಕಬ್ಬಿಣದ ಬಳೆ ಸ್ವಲ್ಪ ಬೆಂಡ್ ಆಗುತ್ತದೆ. ಇಲ್ಲವೇ ಏಟಿನ ಅದುರಿಗೆ ತುಟಿಯ ಹಿಂದಿನ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಎಗರುತ್ತದೆ. ಎರಡೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಸೋರಿದೆ ಅಂದರೆ ನನ್ನ ಅನುಮಾನ ಸ್ಪ್ರಿಂಗ್ ಮೇಲೆ, ಅಥವಾ ತುಟಿ ಅಂಗಿಯ ಕಾಲರ್ ಒಳಮಡಚಿದ ಹಾಗೆ ಒಂದು ಕಡೆ ತಿರುಚಿಕೊಂಡಿರಬೇಕು. ಇದನ್ನು ತೆಗೆದ ಕೂಡಲೇ ನೋಡಿ, ಬಿಸಾಡಬೇಡಿ.

ಈಗ ನಿಮಗೆ ಸಿಕ್ಕ ಸಲಹೆಗಳು.

ಡೂಪ್ಲಿಕೇಟ್ ಸೀಲ್ ಮಾರುಕಟ್ಟೆಯಲ್ಲಿ ಇಲ್ಲವೇ ಅಂದರೆ ಇದೆ. ಆದರೆ ಡೂಪ್ಲಿಕೇಟ್ ಸೀಲ್ ಸಾಮಾನ್ಯವಾಗಿ ಎರಡು ದಿನಕ್ಕೆ ಕೈಕೊಡುವುದಿಲ್ಲ. ಅದರ ರಬ್ಬರ್ ಎಂಜಿನ್ ಬಿಸಿಗೆ ಕೆಲವು ತಿಂಗಳಲ್ಲಿ ಗಟ್ಟಿಯಾಗಿ, ಬಿರುಕು ಬಿಟ್ಟು ಆಮೇಲೆ ಸೋರುತ್ತದೆ. ನಿಜವಾಗಿ ಗಮನಿಸಬೇಕಾದ್ದು ಬೇರೆ ಇದೆ. ಕೆಲವು ಅಂಗಡಿಗಳಲ್ಲಿ ಸೀಲ್‌ಗಳನ್ನು ತಂತಿಗೆ ಪೋಣಿಸಿ ಗೋಡೆಗೆ ನೇತು ಹಾಕಿರುತ್ತಾರೆ. ವರ್ಷಗಟ್ಟಲೆ ಹಾಗೆ ತೂಗಿದರೆ ತುಟಿ ತಂತಿ ತಾಗಿದ ಕಡೆ ಗುಳಿ ಬೀಳುತ್ತದೆ. ಕಂಪನಿ ಸೀಲ್ ಆದರೂ ಅಷ್ಟೇ. ಪೊಟ್ಟಣದಲ್ಲಿರುವುದನ್ನೇ ಕೇಳಿ ತಗೊಳ್ಳಿ.

ಸಿಲಿಕೋನ್ ಪೇಸ್ಟ್ ಬಳಿಯುವುದು. ನಿಮ್ಮ ಆಯಿಲ್ ಸೋರುತ್ತಿರುವುದು ತುಟಿ ಮತ್ತು ಶಾಫ್ಟ್ ನಡುವೆ ಆಗಿದ್ದರೆ ಹೊರಗೆ ಎಷ್ಟು ಬಳಿದರೂ ಪ್ರಯೋಜನವಿಲ್ಲ, ಯಾಕಂದರೆ ಅಲ್ಲಿ ಶಾಫ್ಟ್ ತಿರುಗುತ್ತಿದೆ. ಬಳೆಯ ಹೊರಮೈಗೆ ಬಳಿದು ತಳ್ಳಿದರೆ ಜಾಸ್ತಿಯಾದ ಪೇಸ್ಟ್ ಮುಂದೆ ಒತ್ತಿಕೊಂಡು ಹೋಗಿ ಒಳಗೆ ಉದುರುತ್ತದೆ. ಅದು ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಆಗ ನಿಜವಾಗಿಯೂ ಬೇರಿಂಗ್ ಹೋಗುತ್ತದೆ. ಹೊರಮೈ ಬರೀ ಕಬ್ಬಿಣದ್ದಾಗಿದ್ದು ಗೂಡಿನಲ್ಲಿ ಸಣ್ಣ ಗೀರು ಇದ್ದರೆ ಮಾತ್ರ ತೀರಾ ತೆಳುವಾಗಿ ಒಂದು ಲೇಪ ಒಪ್ಪುತ್ತೇನೆ. ಹೊರಮೈಗೆ ರಬ್ಬರ್ ಹೊದಿಕೆ ಇದ್ದರೆ ಏನೂ ಬೇಡ.

ದಪ್ಪ ಆಯಿಲ್. 20ಡಬ್ಲ್ಯೂ50 ಹಾಕಿದರೆ ತೊಟ್ಟಿಕ್ಕುವುದು ಸ್ವಲ್ಪ ನಿಧಾನವಾಗಬಹುದು, ಅಷ್ಟೇ. ಕತ್ತರಿಸಿದ ತುಟಿ ಕೂಡಿಕೊಳ್ಳುವುದಿಲ್ಲ. ನಿಮ್ಮ ಕಡೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ದಪ್ಪ ಆಯಿಲ್ ಮೇಲಿನ ಕ್ಯಾಮ್‌ವರೆಗೆ (ವಾಲ್ವ್‌ಗಳನ್ನು ತೆರೆಯುವ ದಂಡ) ಏರುವುದೂ ತಡ. ಲೀಕ್ ನಿಲ್ಲಿಸುವ ಔಷಧಿ ಅಂತ ಡಬ್ಬಿಗಳು ಬರುತ್ತವಲ್ಲ, ಅವು ಗಟ್ಟಿಯಾದ ಹಳೇ ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡುತ್ತವೆ. ನಿಮ್ಮದು ಹಳೇ ರಬ್ಬರ್ ಅಲ್ಲವೇ ಅಲ್ಲ.

ಬೇರಿಂಗ್ ಹೋಗಿದೆ ಅನ್ನುವುದು. ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕ್ರ್ಯಾಂಕ್ ಹೊರುವ ಮೇನ್ ಬೇರಿಂಗ್ ಸವೆದು ಕ್ರ್ಯಾಂಕ್ ಅಲುಗಾಡಿದರೆ ಯಾವ ತುಟಿಯೂ ಹಿಡಿಯಲಾರದು. ಆದರೆ ಅದಕ್ಕೆ ಬೇರೆ ಲಕ್ಷಣಗಳೂ ಇರುತ್ತವೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ಲೈಟ್ ಮಿನುಗುತ್ತದೆ, ಏರು ಹತ್ತುವಾಗ ಕೆಳಗಿನಿಂದ ಡುಬ್ ಡುಬ್ ಸದ್ದು ಬರುತ್ತದೆ. ಬೆಲ್ಟ್ ಬಿಚ್ಚಿದ ಮೇಲೆ ಪುಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಕೈಗೆ ಆಟ ಸಿಗಬಾರದು. ಹಿಂದೆ ಮುಂದೆ ಸ್ವಲ್ಪವೇ ಸ್ವಲ್ಪ ಆಟ ಇರುತ್ತದೆ, ಅದು ಇರಬೇಕಾದ್ದೇ. ಈ ಲಕ್ಷಣಗಳು ಯಾವುದೂ ಇಲ್ಲದೆ ಬರೀ ಸೀಲ್ ಸೋರಿದ್ದಕ್ಕೆ ಎಂಜಿನ್ ಇಳಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಸುಮಾರು ಮೇಸ್ತ್ರಿಗಳಲ್ಲೂ ಇದೆ. ಆಯಿಲ್ ಪ್ರೆಶರ್ ಜಾಸ್ತಿಯಾಗಿ ಸೀಲ್ ಹೊಡೆದುಕೊಂಡು ಹೋಗುತ್ತದೆ ಅಂತ. ಪಂಪಿನ ಪ್ರೆಶರ್ ಈ ಸೀಲ್‌ಗೆ ತಾಗುವುದೇ ಇಲ್ಲ. ಬೇರಿಂಗ್ ದಾಟಿ ಬಂದ ಆಯಿಲ್ ಸೀಲ್ ಹಿಂದೆ ಸುರಿದು ಸಂಪ್‌ಗೆ ಇಳಿದು ಹೋಗುತ್ತದೆ. ಸೀಲ್‌ಗೆ ತಾಗುವ ಒತ್ತಡ ಬೇರೆ, ಅದು ಎಂಜಿನ್ ಹೊಟ್ಟೆಯೊಳಗೆ ತುಂಬುವ ಗ್ಯಾಸ್. ಪಿಸ್ಟನ್ ರಿಂಗ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗಿಳಿಯುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಪೈಪು, ಪಿಸಿವಿ ವಾಲ್ವ್ (ಆ ಗ್ಯಾಸನ್ನು ಎಳೆದುಕೊಳ್ಳುವ ಸಣ್ಣ ವಾಲ್ವ್) ಇವೆ. ಅವು ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಸಾಮಾನ್ಯ ಸೀಲ್ ಅರ್ಧ ಬಾರ್ ಒತ್ತಡವನ್ನೂ ತಡೆಯುವಂತೆ ಮಾಡಿದ್ದಲ್ಲ, ಆದ್ದರಿಂದ ಹಾದಿ ಮಾಡಿಕೊಂಡು ಹೊರಬರುತ್ತದೆ. ಮೂರನೇ ಸೀಲ್ ಹಾಕುವ ಮೊದಲು ಇದನ್ನು ನೋಡಲೇಬೇಕು. ಪಿಸಿವಿ ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಟಕ್ ಟಕ್ ಅನ್ನಬೇಕು. ಎಂಜಿನ್ ಓಡುವಾಗ ಅದರ ಬಾಯಿಗೆ ಬೆರಳಿಟ್ಟರೆ ಎಳೆತ ಗೊತ್ತಾಗಬೇಕು. ಪೈಪಿನಲ್ಲಿ ಊದಿ ನೋಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಸಮೇತ ಪುಸ್ ಪುಸ್ ಅಂತ ಜೋರಾಗಿ ಊದಿದರೆ, ಡಿಪ್‌ಸ್ಟಿಕ್ ತಾನಾಗಿ ಮೇಲೇಳುತ್ತಿದ್ದರೆ, ಪೈಪು ಕಟ್ಟಿಲ್ಲ ಅಂದರೆ ರಿಂಗ್ ಸವೆದಿದೆ. ಆಗ ಎಷ್ಟು ಚೆನ್ನಾಗಿ ಸೀಲ್ ಹಾಕಿದರೂ ಅದು ತಾತ್ಕಾಲಿಕ.

ಇದಕ್ಕೂ ಮೊದಲು ಒಂದು ಮಾತು ಕೇಳಬೇಕಿತ್ತು. ಸೋರುತ್ತಿರುವುದು ಕ್ರ್ಯಾಂಕ್ ಸೀಲ್ ಅಂತ ಖಚಿತವಾ? ಓಮ್ನಿಯ 796 ಸಿಸಿ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಹಲ್ಲಿನ ಬೆಲ್ಟ್) ಇದೆ, ಅದೇ ಕವರ್ ಒಳಗೆ ಮೇಲ್ಗಡೆ ಕ್ಯಾಮ್ ಸೀಲ್ ಕೂಡ ಇದೆ. ಅದು ಸೋರಿದರೂ ಆಯಿಲ್ ಇಳಿದು ಕ್ರ್ಯಾಂಕ್ ಪುಲ್ಲಿ ಹಿಂದೆಯೇ ಬಂದು ತೊಟ್ಟಿಕ್ಕುತ್ತದೆ. ವಾಲ್ವ್ ಕವರಿನ ಪ್ಯಾಕಿಂಗ್ ಸೋರಿದರೂ ಅಷ್ಟೇ. ಕವರ್ ಬಿಚ್ಚಿದಾಗ ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಎಲ್ಲಿಂದ ಮೇಲಕ್ಕೆ ಒಣಗಿದೆಯೋ ಅಲ್ಲೇ ಮೂಲ. ಬೆಲ್ಟ್ ಬಿಚ್ಚುವ ಮೊದಲೇ ತಿಳಿಯಬೇಕಾದರೆ ಎಲ್ಲವನ್ನೂ ಡೀಸೆಲ್ ಹಾಕಿ ಒರೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಡಿ. ಬಿಳಿ ಪೌಡರ್ ಮೇಲೆ ಆಯಿಲ್ ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬೆಲ್ಟ್ ಓಡುವಾಗ ಕೈ, ಬಟ್ಟೆ ಹತ್ತಿರ ತರಬೇಡಿ, ಓಮ್ನಿಯಲ್ಲಿ ಸೀಟಿನ ಕೆಳಗೆ ಜಾಗ ಇಕ್ಕಟ್ಟು.

ಸರಿ, ಕ್ರ್ಯಾಂಕ್ ಸೀಲೇ ಅಂತ ಖಾತ್ರಿಯಾಯಿತು ಅಂದುಕೊಳ್ಳೋಣ.

ಬಿಚ್ಚುವಾಗ ಟೈಮಿಂಗ್ ಗುರುತುಗಳನ್ನು ಹೊಂದಿಸಿ ಫೋಟೋ ತೆಗೆದುಕೊಳ್ಳಿ. ಕ್ರ್ಯಾಂಕ್ ಬೋಲ್ಟ್ ಸಡಿಲಿಸಲು ಸ್ಪ್ಯಾನರ್ ಸಿಕ್ಕಿಸಿ ಸ್ಟಾರ್ಟರ್ ಕೊಡುವ ಹುಚ್ಚು ಸಾಹಸ ಬೇಡ. ಟೈಮಿಂಗ್ ಪುಲ್ಲಿ ತೆಗೆದ ಮೇಲೆ ಸೀಲ್ ಕಾಣುತ್ತದೆ. ಈಗಲೇ ಅದು ಗೂಡಿನಲ್ಲಿ ಎಷ್ಟು ಒಳಗೆ ಕೂತಿದೆ ಅಂತ ವರ್ನಿಯರ್‌ನ ಬಾಲದಿಂದ ನಾಲ್ಕು ಕಡೆ ಅಳೆಯಿರಿ. ನಾಲ್ಕೂ ಅಳತೆ ಹೆಚ್ಚು ಕಡಿಮೆ ಇದ್ದರೆ ಓರೆ ಕೂತಿದೆ ಅಂತ ಅಲ್ಲೇ ಸಾಕ್ಷಿ ಸಿಕ್ಕಿತು.

ಹಳೇ ಸೀಲ್ ತೆಗೆಯುವುದರಲ್ಲೇ ಹೊಸ ಸೀಲ್‌ನ ಆಯುಷ್ಯ ಅರ್ಧ ನಿರ್ಧಾರವಾಗುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಎಲ್ಲರ ಅಭ್ಯಾಸ. ಮೀಟುವಾಗ ಅದರ ತುದಿ ಶಾಫ್ಟ್ ಮೈಯನ್ನು ಕೆರೆಯುತ್ತದೆ, ಹಿಂಭಾಗ ಗೂಡಿನ ಅಂಚನ್ನು ಕಚ್ಚುತ್ತದೆ. ಗೂಡು ಅಲ್ಯೂಮಿನಿಯಂ, ಆಯಿಲ್ ಪಂಪ್ ಕೇಸಿನ ಭಾಗ, ಸುಲಭವಾಗಿ ಗಾಯವಾಗುತ್ತದೆ. ನನಗೆ ಒಪ್ಪಿಗೆಯಾದ ದಾರಿ ಅಂದರೆ ಸೀಲ್‌ನ ಕಬ್ಬಿಣದ ಭಾಗಕ್ಕೆ ಎದುರುಬದುರು ಎರಡು ಸಣ್ಣ ತೂತು ಮಾಡಿ, ಎರಡು ಸಣ್ಣ ಸ್ಕ್ರೂ ತಿರುಗಿಸಿ, ಪ್ಲೈಯರ್‌ನಿಂದ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಎಳೆಯುವುದು. ಇದರಲ್ಲೂ ಅಪಾಯ ಇದೆ. ಡ್ರಿಲ್ ಬಿಟ್ ಒಳಕ್ಕೆ ನುಗ್ಗಿದರೆ ಹಿಂದಿರುವ ಪಂಪ್ ಕೇಸಿಗೆ ತಾಗುತ್ತದೆ, ಚೂರುಗಳು ಒಳಗೆ ಬೀಳುತ್ತವೆ. ಬಿಟ್‌ನ ತುದಿ ಎರಡು ಮೂರು ಮಿ.ಮೀ. ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ, ತುದಿಗೆ ಗ್ರೀಸ್ ಹಚ್ಚಿ. ಚೂರು ಗ್ರೀಸಿಗೆ ಅಂಟುತ್ತದೆ. ಡ್ರಿಲ್ ಬೇಡ ಅನ್ನಿಸಿದರೆ ಕೊಕ್ಕೆ ಥರದ ಸೀಲ್ ಪುಲ್ಲರ್ ಸಿಗುತ್ತದೆ, ಅದನ್ನು ಬಳಸುವಾಗ ಶಾಫ್ಟ್ ಮೇಲೆ ತೆಳು ತಗಡು ಸುತ್ತಿಡಿ.

ತೆಗೆದ ಸೀಲ್ ಕೈಯಲ್ಲಿ ಹಿಡಿದು ನೋಡಿ. ಸ್ಪ್ರಿಂಗ್ ಇದೆಯಾ? ಇಲ್ಲದಿದ್ದರೆ ಗೂಡಿನೊಳಗೆ ಹುಡುಕಿ, ಅದನ್ನು ಅಲ್ಲೇ ಬಿಟ್ಟು ಮುಂದಿನ ಕೆಲಸ ಮಾಡಬೇಡಿ. ತುಟಿ ಒಂದು ಕಡೆ ಮಾತ್ರ ಕತ್ತರಿಸಿದ್ದರೆ ಕೀ ತೋಡಿನ ಕೆಲಸ. ಸುತ್ತ ಎಲ್ಲ ಕಡೆ ಹೊಳಪಾಗಿ, ಗಟ್ಟಿಯಾಗಿ, ಸಣ್ಣ ಬಿರುಕು ಬಿಟ್ಟಿದ್ದರೆ ಬಿಸಿ ಅಥವಾ ಒಣ ಓಟ. ಒಂದು ಬದಿ ಅಗಲವಾಗಿ ಸವೆದು ಎದುರು ಬದಿ ಸವೆಯದೇ ಇದ್ದರೆ ಸೀಲ್ ನಡುವಿಗೆ ಕೂತಿಲ್ಲ, ಅಥವಾ ಶಾಫ್ಟ್ ಅಲುಗಾಡುತ್ತಿದೆ. ತುಟಿ ಚೆನ್ನಾಗಿದ್ದು ಹೊರಮೈಯಲ್ಲಿ ಆಯಿಲ್ ಹಾದುಹೋದ ಗುರುತಿದ್ದರೆ ಗೂಡಿನ ಗೀರಿನಿಂದ ಸೋರಿದೆ.

ಈಗ ಶಾಫ್ಟ್. ಬೆರಳಿನ ಉಗುರನ್ನು ಶಾಫ್ಟ್ ಉದ್ದಕ್ಕೆ ಎಳೆಯಿರಿ. ತುಟಿ ಓಡಿದ ಜಾಗದಲ್ಲಿ ಹೊಳೆಯುವ ಗೆರೆ ಇರುತ್ತದೆ, ಅದು ಸಹಜ. ಉಗುರು ಅಲ್ಲಿ ಸಿಕ್ಕಿಕೊಂಡರೆ ಮಾತ್ರ ಅದು ತೋಡು ಬಿದ್ದ ಶಾಫ್ಟ್. ಹದಿನೈದು ವರ್ಷದ ಹತ್ತಿರದ ಗಾಡಿಯಲ್ಲಿ, ಮಣ್ಣು ರಸ್ತೆಯಲ್ಲಿ ಓಡಿದ್ದು ಬೇರೆ, ಇದ್ದರೆ ಆಶ್ಚರ್ಯವಿಲ್ಲ. ಮೆತ್ತಗಿನ ರಬ್ಬರ್ ಗಟ್ಟಿ ಉಕ್ಕನ್ನು ಹೇಗೆ ತಿನ್ನುತ್ತದೆ ಅಂತ ಕೇಳುತ್ತಾರೆ. ತಿನ್ನುವುದು ರಬ್ಬರ್ ಅಲ್ಲ, ರಬ್ಬರಿಗೆ ಅಂಟಿದ ಧೂಳು.

ಬರೀ ತುಕ್ಕು, ಸಣ್ಣ ಗೀರು ಇದ್ದರೆ ನುಣುಪು ಎಮರಿ ಪೇಪರನ್ನು ಆಯಿಲ್‌ನಲ್ಲಿ ಅದ್ದಿ ಉಜ್ಜಬಹುದು. ಆದರೆ ಉಜ್ಜುವ ದಿಕ್ಕು ಮುಖ್ಯ. ಶಾಫ್ಟ್ ಸುತ್ತ ಮಾತ್ರ ಉಜ್ಜಬೇಕು. ಉದ್ದಕ್ಕೆ ಎಳೆದರೆ, ಅಥವಾ ಸುತ್ತುತ್ತಾ ಪಕ್ಕಕ್ಕೆ ಸರಿಸುತ್ತಾ ಹೋದರೆ, ಶಾಫ್ಟ್ ಮೇಲೆ ಸ್ಕ್ರೂ ಮರೆಯಂಥ (ಥ್ರೆಡ್‌ನಂಥ) ಓರೆ ಗೆರೆಗಳು ಬೀಳುತ್ತವೆ. ಕಣ್ಣಿಗೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ಆ ಗೆರೆಗಳು ತಿರುಗುವಾಗ ಆಯಿಲ್ ಅನ್ನು ಹೊರಗೆ ತಿರುಪುತ್ತವೆ. ಲೇತ್ ಅಂಗಡಿಯಲ್ಲಿ ಪಾಲಿಶ್ ಮಾಡಿಸಿಕೊಂಡು ಬಂದ ಶಾಫ್ಟ್‌ಗಳು ಹೊಸ ಸೀಲ್ ಹಾಕಿದರೂ ಸೋರುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಉಜ್ಜುವಾಗ ಗೂಡಿನೊಳಗೆ ಬಟ್ಟೆ ತುರುಕಿಡಿ, ಎಮರಿ ಪುಡಿ ಬೇರಿಂಗ್‌ಗೆ ವಿಷ.

ಉಗುರು ಸಿಕ್ಕುವಷ್ಟು ತೋಡು ಇದ್ದರೆ ನಿಮ್ಮ ಮುಂದೆ ಎರಡು ಆಯ್ಕೆ. ಮೊದಲನೆಯದು ಖರ್ಚಿಲ್ಲದ್ದು. ಹೊಸ ಸೀಲ್ ಅನ್ನು ಹಳೆಯ ಜಾಗಕ್ಕಿಂತ ಒಂದು, ಒಂದೂವರೆ ಮಿ.ಮೀ. ಆಚೆ ಈಚೆ ಕೂರಿಸಿ ತುಟಿ ಹೊಸ ಮೈ ಮೇಲೆ ಓಡುವ ಹಾಗೆ ಮಾಡುವುದು. ಒಳಕ್ಕೆ ಜಾಸ್ತಿ ತಳ್ಳುವ ಮೊದಲು ಟಾರ್ಚ್ ಹಾಕಿ ನೋಡಿ, ಕೆಲವು ಎಂಜಿನ್‌ಗಳಲ್ಲಿ ಸೀಲ್ ಹಿಂದೆ ಆಯಿಲ್ ಇಳಿದುಹೋಗುವ ಕಂಡಿ ಇರುತ್ತದೆ. ಅದನ್ನು ಮುಚ್ಚಿದರೆ ಆಯಿಲ್ ಅಲ್ಲೇ ನಿಂತು ಸೀಲ್ ಮೇಲೆ ಒತ್ತುತ್ತದೆ. ಹೊರಗಡೆ ಬಿಟ್ಟರೆ ಪುಲ್ಲಿಗೆ ತಾಗಬಾರದು. ಎರಡನೆಯದು ಶಾಫ್ಟ್‌ಗೆ ತೆಳು ಸ್ಟೀಲ್ ಬುಶ್ ಏರಿಸುವುದು. ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವ್ ಅಂತ ಬರುತ್ತದೆ, ದಪ್ಪ ಸುಮಾರು 0.28 ಮಿ.ಮೀ., ಹಾಗಾಗಿ ಅದೇ ಅಳತೆಯ ಸೀಲ್ ನಡೆಯುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತಗಡಿನಷ್ಟು ತೆಳು, ಓರೆಯಾಗಿ ಬಡಿದರೆ ಸುಕ್ಕುಗಟ್ಟಿ ಅಲ್ಲೇ ಹಾಳು. ನಿಮ್ಮ ಶಾಫ್ಟ್ ಅಳತೆಗೆ ಊರಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಬೇರಿಂಗ್ ಮಾರುವವರ ಹತ್ತಿರ ವಿಚಾರಿಸಿ. ನಾನಾದರೆ ಮೊದಲು ಜಾಗ ಬದಲಿಸುವ ದಾರಿ ಪ್ರಯತ್ನಿಸುತ್ತೇನೆ.

ಹೊಸ ಸೀಲ್ ಮೇಲೆ ಮೂರು ಸಂಖ್ಯೆ ಇರುತ್ತದೆ: ಒಳ ಅಳತೆ, ಹೊರ ಅಳತೆ, ದಪ್ಪ. ಹಳೆಯದರ ಜೊತೆ ಹೋಲಿಸಿ. ಬಾಣದ ಗುರುತು ಇದ್ದರೆ ಅದು ಶಾಫ್ಟ್ ತಿರುಗುವ ದಿಕ್ಕು, ಕ್ರ್ಯಾಂಕ್ ತಿರುಗುವ ದಿಕ್ಕಿಗೆ ಹೊಂದಬೇಕು. ಅದೇ ಅಳತೆ ಇದ್ದರೂ ಬಾಣ ಉಲ್ಟಾ ಇರುವ ಸೀಲ್ ಹಾಕಿದರೆ ಅದು ಆಯಿಲ್ ಅನ್ನು ಹೊರಗೇ ಪಂಪ್ ಮಾಡುತ್ತದೆ. ಬಣ್ಣ ನೋಡಿ ರಬ್ಬರ್ ಯಾವುದು ಅಂತ ತೀರ್ಮಾನಿಸಬೇಡಿ. ಕಂದು ಬಣ್ಣದ್ದೆಲ್ಲ ವೈಟಾನ್ ಅಲ್ಲ. ಸಾದಾ ನೈಟ್ರೈಲ್ ರಬ್ಬರ್ 100 ಡಿಗ್ರಿ ಸುತ್ತಮುತ್ತ ತಡೆದರೆ ವೈಟಾನ್ 200ರವರೆಗೂ ತಡೆಯುತ್ತದೆ. ಕ್ರ್ಯಾಂಕ್‌ಗೆ ಕಂಪನಿ ನಂಬರಿನ ಸೀಲ್ ಕೇಳುವುದೇ ಸುರಕ್ಷಿತ.

ಹಾಕುವ ಮೊದಲಿನ ತಯಾರಿ ಹಾಕುವ ಕೆಲಸಕ್ಕಿಂತ ದೊಡ್ಡದು. ಗೂಡನ್ನು ಬಟ್ಟೆಯಿಂದ ಒರೆಸಿ, ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ನುಣುಪು ಅರದಿಂದ ತೆಗೆಯಿರಿ. ಅರ್ಧಚಂದ್ರದ ಕೀ ಬಿಚ್ಚಿಡಿ. ಇದನ್ನು ಬಿಚ್ಚದೆ ಸೀಲ್ ಏರಿಸುವವರೇ ಜಾಸ್ತಿ. ಬಿಚ್ಚಿದ ಮೇಲೂ ತೋಡಿನ ಅಂಚು ಹರಿತವಾಗಿಯೇ ಇರುತ್ತದೆ. ಆದ್ದರಿಂದ ಕ್ರ್ಯಾಂಕ್ ಮೂತಿಗೆ ನಯವಾದ ಪ್ಲಾಸ್ಟಿಕ್ ತೊಡಿಸಬೇಕು. ಓಮ್ನಿಯಲ್ಲಿರುವಂಥ ಸುಜುಕಿ ಎಂಜಿನ್‌ಗಳಿಗೆ ಈ ಕೆಲಸಕ್ಕಾಗಿಯೇ ಪ್ಲಾಸ್ಟಿಕ್ ಗೈಡ್ ಮಾಡಿದ್ದಾರೆ, ವರ್ಕ್‌ಶಾಪುಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಪುಸ್ತಕ ಬೈಂಡಿಂಗ್‌ಗೆ ಮೇಲ್ಹೊದಿಕೆಯಾಗಿ ಹಾಕುತ್ತಾರಲ್ಲ ಅದು, ಒಂದು ಸುತ್ತು ಸುತ್ತಿ ಟೇಪ್ ಹಚ್ಚಿ. ಟೇಪಿನ ಅಂಚು ಸೀಲ್ ಹೋಗುವ ದಿಕ್ಕಿಗೆ ಎದುರಾಗಿ ಏಳದಂತೆ ನೋಡಿಕೊಳ್ಳಿ. ಹಾಳೆಗೂ ಶಾಫ್ಟ್‌ಗೂ ಹೊಸ ಎಂಜಿನ್ ಆಯಿಲ್ ಹಚ್ಚಿ.

ಸೀಲ್‌ನ ತುಟಿಗೂ ಆಯಿಲ್ ಬೇಕೇ ಬೇಕು. ಒಣ ತುಟಿ ಮೊದಲ ಕೆಲವು ಸೆಕೆಂಡುಗಳಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಹಿಂದುಗಡೆ, ಸ್ಪ್ರಿಂಗ್ ಇರುವ ಗುಂಡಿಗೆ ಗ್ರೀಸ್ ಮೆತ್ತಿ. ಏಟು ಬಿದ್ದಾಗ ಸ್ಪ್ರಿಂಗ್ ಎಗರದಂತೆ ಗ್ರೀಸ್ ಹಿಡಿದಿಡುತ್ತದೆ, ಆಮೇಲೆ ಆಯಿಲ್‌ನಲ್ಲಿ ಕರಗಿ ಹೋಗುತ್ತದೆ. ಸ್ಪ್ರಿಂಗ್ ಕಡೆ ಎಂಜಿನ್ ಒಳಕ್ಕೆ, ಸಂಖ್ಯೆ ಬರೆದ ಮುಖ ಸಾಮಾನ್ಯವಾಗಿ ಹೊರಕ್ಕೆ. ರಬ್ಬರ್ ಮೆತ್ತಗಾಗಲಿ ಅಂತ ಪೆಟ್ರೋಲ್‌ನಲ್ಲಿ ಅದ್ದಿಡುವ ಅಭ್ಯಾಸ ಕೆಲವರಿಗಿದೆ. ಮೆತ್ತಗಾಗುವುದಷ್ಟೇ ಅಲ್ಲ, ಉಬ್ಬುತ್ತದೆ. ದಯವಿಟ್ಟು ಬೇಡ.

ತಳ್ಳುವುದಕ್ಕೆ ಬೇಕಾದ್ದು ಟೊಳ್ಳಾದ ಕೊಳವೆ. ಅದರ ಹೊರ ಅಳತೆ ಸೀಲ್‌ನ ಹೊರ ಅಳತೆಗಿಂತ ಒಂದೆರಡು ಮಿ.ಮೀ. ಕಡಿಮೆ ಇರಬೇಕು, ಒಳಗಿನಿಂದ ಕ್ರ್ಯಾಂಕ್ ಮೂತಿ ಸಲೀಸಾಗಿ ಹಾಯಬೇಕು. ದಪ್ಪ ಪಿವಿಸಿ ಪೈಪಿನ ತುಂಡು ನೆಟ್ಟಗೆ ಕತ್ತರಿಸಿದ್ದಾದರೆ ಸಾಕು, ಅಥವಾ ಉದ್ದನೆಯ ದೊಡ್ಡ ಸಾಕೆಟ್. ಒತ್ತಡ ಬೀಳಬೇಕಾದ್ದು ಕಬ್ಬಿಣದ ಬಳೆಯ ಹೊರ ಅಂಚಿನ ಮೇಲೆ. ಒಳಗಡೆ ಬಿದ್ದರೆ ಬಳೆ ತಟ್ಟೆಯಂತೆ ಒಳಬಾಗುತ್ತದೆ, ತುಟಿಯ ಕೋನವೂ ಕೆಡುತ್ತದೆ. ಮೊದಲು ಬೆರಳುಗಳಿಂದ ತುಟಿಯನ್ನು ಪ್ಲಾಸ್ಟಿಕ್ ದಾಟಿಸಿ, ಸೀಲ್ ಗೂಡಿನ ಬಾಯಿಗೆ ಬಂದಾಗ ಹಾಳೆ ಎಳೆದು ತೆಗೆಯಿರಿ. ಕನ್ನಡಿ ಹಿಡಿದು ತುಟಿ ಎಲ್ಲೂ ಮಡಚಿಲ್ಲ ಅಂತ ನೋಡಿ. ಕೊಳವೆ ಇಟ್ಟು ಸುತ್ತಿಗೆಯಿಂದ ಸಣ್ಣ ಸಣ್ಣ ಏಟು, ನೇರ ನಡುವಿಗೆ. ಓರೆ ಹೋಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಎತ್ತರ ಇರುವ ಬದಿಗೆ ಜೋರಾಗಿ ಹೊಡೆದು ಸರಿಮಾಡಲು ಹೋಗಬೇಡಿ, ಹೊರಗೆ ತೆಗೆದು ಮತ್ತೆ ಮೊದಲಿನಿಂದ ಶುರುಮಾಡಿ. ಸೀಲ್ ಪೂರ್ತಿ ಕೂತ ಮೇಲೆ ಏಟಿನ ಸದ್ದು ಬದಲಾಗುತ್ತದೆ. ವರ್ನಿಯರ್‌ನಿಂದ ನಾಲ್ಕು ಕಡೆ ಅಳೆದರೆ ಕಾಲು ಮಿ.ಮೀ. ಒಳಗೆ ಎಲ್ಲವೂ ಹೊಂದಬೇಕು.

ಸುತ್ತಿಗೆಯೇ ಬೇಡ ಅನ್ನುವವರಿಗೆ ಕ್ರ್ಯಾಂಕ್ ಬೋಲ್ಟ್ ಇದೆ. ಕೊಳವೆ, ಅದರ ಮೇಲೆ ದಪ್ಪ ವಾಶರ್, ಬೋಲ್ಟ್ ತಿರುಗಿಸಿದರೆ ಸೀಲ್ ನಿಧಾನವಾಗಿ ನೆಟ್ಟಗೆ ಒಳಸೇರುತ್ತದೆ. ಇಕ್ಕಟ್ಟಿನ ಓಮ್ನಿಗೆ ಇದು ನನಗೆ ಹೆಚ್ಚು ಇಷ್ಟ. ಒಂದೇ ಎಚ್ಚರಿಕೆ: ಬೋಲ್ಟ್‌ನ ಮರೆ ಸಾಕಷ್ಟು ಸುತ್ತು ಹಿಡಿದಿರಲಿ, ಎರಡೇ ಸುತ್ತು ಹಿಡಿದ ಬೋಲ್ಟ್ ಮೇಲೆ ಬಲ ಹಾಕಿದರೆ ಕ್ರ್ಯಾಂಕ್‌ನ ಮರೆ ಹೋಗುತ್ತದೆ.

ಗ್ಯಾರೇಜಿನವರು ಆಯಿಲ್ ಪಂಪ್ ಕೇಸನ್ನೇ ಬಿಚ್ಚಿ ಬೆಂಚಿನ ಮೇಲೆ ಸೀಲ್ ಕೂರಿಸುವ ಮಾತಾಡಬಹುದು. ಅದರಲ್ಲಿ ಸೀಲ್ ನೆಟ್ಟಗೆ ಕೂರುತ್ತದೆ ನಿಜ. ಆದರೆ ಸಂಪ್ ಇಳಿಸಬೇಕು, ಗ್ಯಾಸ್ಕೆಟ್ ಹೊಸದು ಬೇಕು, ಸೋರುವ ಜಾಗ ಇನ್ನೂ ಎರಡು ಹೆಚ್ಚಾಗುತ್ತದೆ. ಮತ್ತೆ ಕೇಸನ್ನು ಕ್ರ್ಯಾಂಕ್ ಮೇಲೆ ಏರಿಸುವಾಗ ತುಟಿ ಅದೇ ಕೀ ತೋಡು ದಾಟಲೇಬೇಕು, ಪ್ಲಾಸ್ಟಿಕ್ ಗೈಡ್ ಅಲ್ಲೂ ತಪ್ಪುವುದಿಲ್ಲ. ಗೂಡಿಗೆ ದೊಡ್ಡ ಗಾಯವಾಗಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಹಾಗೇ ಬಿಟ್ಟು ಓಡಿಸಿದರೆ? ವಾರಕ್ಕೊಮ್ಮೆ ಆಯಿಲ್ ಹಾಕಿಕೊಂಡು ಓಡಿಸುವವರಿದ್ದಾರೆ. ಆದರೆ ಈ ಸೀಲ್ ಸೋರುವುದು ಟೈಮಿಂಗ್ ಬೆಲ್ಟ್ ಮೇಲೆ. ಆಯಿಲ್ ಕುಡಿದ ಬೆಲ್ಟ್ ಉಬ್ಬುತ್ತದೆ, ಹಲ್ಲು ಮೆತ್ತಗಾಗಿ ಕಳಚುತ್ತದೆ, ಹೇಳದೆ ಕೇಳದೆ ನಡುರಸ್ತೆಯಲ್ಲಿ ನಿಲ್ಲಿಸುತ್ತದೆ. ನಿಮ್ಮ ಈಗಿನ ಬೆಲ್ಟ್ ಮತ್ತೆ ಮತ್ತೆ ಆಯಿಲ್‌ನಲ್ಲಿ ನೆನೆದಿದೆ. ಒರೆಸಿ ಮತ್ತೆ ಹಾಕುವ ಆಸೆ ಬಿಡಿ, ಹೊಸದು ತನ್ನಿ. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಕೂಡ ಕೈಯಲ್ಲಿ ತಿರುಗಿಸಿ ನೋಡಿ, ಒರಟು ಸದ್ದು ಬಂದರೆ ಬದಲಿಸಿ.

ಹೊಸ ಕಾರುಗಳಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಈಚಿನ ಎಷ್ಟೋ ಎಂಜಿನ್‌ಗಳಲ್ಲಿ ಸ್ಪ್ರಿಂಗ್ ಇಲ್ಲದ, ಚಪ್ಪಟೆ ತುಟಿಯ ಪಿಟಿಎಫ್ಇ (ಟೆಫ್ಲಾನ್ ಥರದ ಪ್ಲಾಸ್ಟಿಕ್) ಸೀಲ್ ಬರುತ್ತದೆ, ಪೊಟ್ಟಣದಲ್ಲೇ ಪ್ಲಾಸ್ಟಿಕ್ ಬಳೆ ತೊಡಿಸಿರುತ್ತಾರೆ. ಅದಕ್ಕೆ ಮೇಲಿನ ಮಾತು ಉಲ್ಟಾ. ಆಯಿಲ್ ಹಚ್ಚಬಾರದು, ತುಟಿ ಮುಟ್ಟಬಾರದು, ಒಣಗಿದ್ದ ಹಾಗೇ ಹಾಕಬೇಕು. ಹಾಕಿದ ಮೇಲೆ ತುಟಿ ಶಾಫ್ಟ್‌ಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಟ್ಟು ಸ್ಟಾರ್ಟ್ ಮಾಡಬೇಕು. ಯಾವ ಸೀಲ್ ಅಂತ ತಿಳಿಯದೆ ಒಂದೇ ಪದ್ಧತಿಯಲ್ಲಿ ಎಲ್ಲಕ್ಕೂ ಆಯಿಲ್ ಮೆತ್ತಬೇಡಿ. ಓಮ್ನಿಯದು ಹಳೇ ಥರದ ರಬ್ಬರ್ ತುಟಿಯೇ.

ಎಲ್ಲ ಜೋಡಿಸಿದ ಮೇಲೆ ಸ್ಪ್ಯಾನರ್‌ನಿಂದ ಕ್ರ್ಯಾಂಕ್ ಅನ್ನು ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಟೈಮಿಂಗ್ ಗುರುತು ಮತ್ತೆ ಹೊಂದಿದೆಯಾ ನೋಡಿ. ಕೀ ಮರೆಯದೆ ಹಾಕಿದ್ದೀರಿ ತಾನೇ? ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚಿನಿಂದ ಹೇಳಿದ ಬಿಗಿಗೆ ತನ್ನಿ. ಅದು ಸಡಿಲವಿದ್ದರೆ ಪುಲ್ಲಿ ಅಲುಗಾಡಿ ಕೀಯನ್ನೂ ತಿನ್ನುತ್ತದೆ, ಸೀಲನ್ನೂ ಕೆಡಿಸುತ್ತದೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಡಿ, ಕೂಡಲೇ ರೇಸ್ ಮಾಡಬೇಡಿ. ಮೊದಲ ದಿನ ಸೀಲ್ ಸುತ್ತ ತೆಳುವಾಗಿ ಆಯಿಲ್ ಉಂಗುರ ಕಂಡರೆ ಗಾಬರಿ ಬೇಡ, ಅದು ನೀವೇ ಹಚ್ಚಿದ್ದು. ಒರೆಸಿ, ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಆಗಲೂ ಕೆಳಗೆ ಒಣಗಿದ್ದು ಮೇಲಿನಿಂದ ಗೆರೆ ಇಳಿದಿದ್ದರೆ ಕ್ಯಾಮ್ ಸೀಲ್ ಸರದಿ. ಅದಕ್ಕೂ ಇದೇ ಕ್ರಮ.